ಹೊಡೆದು ಹಾಕಿದ ಸೈನ್ ಎಕ್ಸ್

ಟ್ಯೂಷನ್ನಿಗೆ ಬರುವ ಹುಡುಗಿಯೊಬ್ಬಳು ಮೊನ್ನೆ ನೋಟ್‌ಬುಕ್ ಮುಂದಿಟ್ಟಳು. ಸೈನ್ ಟೂ ಎಕ್ಸ್, ಸೈನ್ ಎಕ್ಸ್‌ಗೆ ಸಮ, ಎಕ್ಸ್ ಎಷ್ಟು? ಸೂತ್ರ ಹಾಕಿ ಎಡಗಡೆಯನ್ನು ಎರಡು ಸೈನ್ ಎಕ್ಸ್ ಕಾಸ್ ಎಕ್ಸ್ ಎಂದು ಬಿಡಿಸಿದ್ದಳು. ಅಲ್ಲಿಯವರೆಗೆ ಭೇಷ್. ಆಮೇಲೆ ಎರಡೂ ಕಡೆಯ ಸೈನ್ ಎಕ್ಸನ್ನು ಹೊಡೆದು ಹಾಕಿದ್ದಳು. ಅದು ಸೊನ್ನೆಯೂ ಆಗಿರಬಹುದಲ್ಲ ಮಾರಾಯ್ತಿ! ಹೊಡೆದು ಹಾಕಿದರೆ ಆ ಉತ್ತರಗಳೂ ಹೋದವು. ಕೆಂಪು ಪೆನ್ನು ಎತ್ತಿದವನು ಹಾಗೇ ಕುಳಿತೆ.

ಮಣ್ಣಗುಡ್ಡದ ಮನೆಯಲ್ಲಿ ನಾನೊಬ್ಬನೇ. ಕುಕ್ಕರಿನ ಸೀಟಿ ಎಣಿಸುವುದೂ ನಾನೇ, ಎಣಿಕೆ ತಪ್ಪಿದರೆ ಬೈಯುವುದೂ ಬೈಸಿಕೊಳ್ಳುವುದೂ ನಾನೇ. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ. ಗೆಳೆಯರು ಯಾಕಿಲ್ಲ ಎಂದು ಕೇಳಿ, ಹೇಳುತ್ತೇನೆ. ಇದ್ದವನು ಒಬ್ಬ.

ಇಸ್ಮಾಯಿಲ್. ಪಿಯುಸಿಯಲ್ಲಿ ಆರೇಳು ತಿಂಗಳು ಒಂದೇ ಬೆಂಚು, ವಾಮಂಜೂರಿನಿಂದ ಒಂದೇ ಬಸ್ಸು. ಲೆಕ್ಕದಲ್ಲಿ ನನಗಿಂತ ಚುರುಕು. ಇದನ್ನು ಒಪ್ಪಲು ನನಗೆ ಮೂವತ್ತು ವರ್ಷ ಬೇಕಾಯಿತು. ಗಣಿತ ಸ್ಪರ್ಧೆಗೆ ಕಾಲೇಜಿನಿಂದ ಒಬ್ಬನನ್ನೇ ಕಳಿಸುವುದೆಂದು ಪರೀಕ್ಷೆ ಇಟ್ಟರು. ಆ ಬೆಳಿಗ್ಗೆ ಬಸ್ಸಿನಲ್ಲಿ ಅವನು ಇಂಥದೇ ಲೆಕ್ಕ ಬಿಡಿಸಿ ತೋರಿಸಿದ. ಸೈನ್ ಎಕ್ಸ್ ಹೊಡೆದು ಹಾಕಿದ್ದ.

"ಸರಿ ಉಂಟಾ ಮಾರಾಯ?"

"ಸರಿ ಉಂಟು" ಎಂದೆ. ತಪ್ಪೆಂದು ಗೊತ್ತಿತ್ತು.

ಪರೀಕ್ಷೆಯಲ್ಲಿ ಅಂಥದೇ ಬಂತು. ನಾನು ಆಯ್ಕೆಯಾದೆ. "ನೀನು ಹೋದ್ರೂ ಒಂದೇ, ನಾನು ಹೋದ್ರೂ ಒಂದೇ" ಎಂದು ಅವನು ಬೆನ್ನು ತಟ್ಟಿದ. ನಾಚಿಕೆ ತಡೆಯಲಾಗದೆ ಮರುದಿನದಿಂದ ಬೇರೆ ಬೆಂಚು, ಬೇರೆ ಬಸ್ಸು ಹಿಡಿದೆ. ಸ್ಪರ್ಧೆಯಲ್ಲಿ ಏನಾಯಿತು ಎಂದಿರಾ? ಮೊದಲ ಸುತ್ತಿಗೇ ಮನೆಗೆ. ಅವನು ಮುಂದೆ ಪಡೀಲಿನಲ್ಲಿ ಬಟ್ಟೆ ಅಂಗಡಿ ಇಟ್ಟ. ಆ ಕಡೆ ಹೋಗುವಾಗೆಲ್ಲ ನಾನು ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದೆ. ಬೇರೆ ಗೆಳೆಯರನ್ನು ಮಾಡಿಕೊಳ್ಳಲೂ ಹೆದರಿಕೆ. ನನ್ನ ಬುದ್ಧಿ ನನಗೆ ಗೊತ್ತಲ್ಲ.

ಹುಡುಗಿಯ ತಪ್ಪು ತಿದ್ದಿದ ಮರುದಿನ ಅಂಗಡಿಯೊಳಗೆ ಹೋದೆ. ಅವನ ಗಡ್ಡ ಪೂರಾ ಬೆಳ್ಳಗಾಗಿತ್ತು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ: ಬಸ್ಸು, ಲೆಕ್ಕ, ನನ್ನ ಸುಳ್ಳು. ಅವನು ಕತ್ತರಿ ಕೆಳಗಿಟ್ಟು ತಾಳ್ಮೆಯಿಂದ ಕೇಳಿಸಿಕೊಂಡ.

"ಅಯ್ಯೋ, ಅದೆಲ್ಲ ಯಾರಿಗೆ ನೆನಪುಂಟು! ಕೂತ್ಕೊಳ್ಳಿ ಸಾರ್, ಚಾ ತರಿಸ್ತೇನೆ" ಎಂದು ನಕ್ಕ. ಆಮೇಲೆ ಸಂಕೋಚದಿಂದ, "ಬೇಜಾರು ಮಾಡ್ಬೇಡಿ, ನಿಮ್ಮ ಹೆಸರು ಎಂತ?" ಎಂದ.

ಮೂವತ್ತು ವರ್ಷ ನಾನು ಹೆದರಿದ್ದು ಅವನ ಸಿಟ್ಟಿಗೆ. ಆ ಸಿಟ್ಟಾದರೂ ಇದ್ದಿದ್ದರೆ ಎಂದು ಆಸೆಯಾಯಿತು. ಸ್ಟೂಲಿನ ಮೇಲೆ ಕುಳಿತೆ. ಹೊಸಬರಿಗೆ ಹೇಳುವ ಹಾಗೆ ನನ್ನ ಹೆಸರು ಹೇಳಿದೆ.