ಕೊಟ್ರೇಶನ ಗೋಡೆಗೆ ಸುಣ್ಣ

ಚಿಕ್ಕೇರೂರಿನ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ, ಗಿರಮಿಟ್ಟು ಮಾರುವ ಕೊಟ್ರೇಶನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಆದರೆ ಈ ಸಲ ಕಾರಣವಿತ್ತು. ಅವನ ಮನೆ ಹೊಳೆಯಿಂದ ಬಲು ದೂರ. ಅಪ್ಪನ ಕಾಲದಲ್ಲಿ ಹೊಸ್ತಿಲಿಗೆ ಒಂದು ಹನಿ ನೀರು ಮುಟ್ಟಿರಲಿಲ್ಲ. ಯಾವ ಪುಣ್ಯಾತ್ಮರೋ ಮುಂದಿನ ರಸ್ತೆಯನ್ನು ಎತ್ತರಿಸಿ, ಅದರಡಿ ಕೊಡವೂ ತೂರದಂಥ ಮೋರಿ ಕೂರಿಸಿ ಹೋದರು ನೋಡಿ, ಅಂದಿನಿಂದ ದೊಡ್ಡ ಮಳೆ ಬಂದಾಗಲೆಲ್ಲ ಹೊಲದ ನೀರು ದಾರಿ ಕಾಣದೆ ಇವನ ಮನೆಯೊಳಗೇ ಬಂದು ನಿಲ್ಲತೊಡಗಿತು. ಕಚೇರಿಗೆ ಹೋದರೆ ಒಂದೇ ಮಾತು: "ನಿಮ್ಮ ಮನಿ ನೆರಿ ಪಟ್ಟಿಯೊಳಗ ಇಲ್ಲಲ್ರಿ."

"ನೀರಿಗೆ ಪಟ್ಟಿ ಓದಾಕ ಬರಂಗಿಲ್ರಿ!" ಎಂದು ಒದರಿ ಬಂದಿದ್ದ.

ಹೇಗೋ ಸಹಿಸಬಹುದಿತ್ತು. ಆದರೆ ಮಗಳು ನೀಲಾಂಬಿಕಾ ಚೊಚ್ಚಲ ಬಸುರಿ. ಬಾಣಂತನ ತವರಿನಲ್ಲೇ ಆಗಬೇಕು. ದಿನ ತುಂಬುವುದು ನಡು ಮಳೆಗಾಲದಲ್ಲಿ. ಅವಳಿಗೆಂದು ಇಟ್ಟ ಕೋಣೆಯೇ ಮನೆಗೆಲ್ಲ ತಗ್ಗು. ಹಸುಗೂಸನ್ನು ಎತ್ತಿಕೊಂಡು ಮಗಳು ನೀರಿನಲ್ಲಿ ನಿಂತಂತೆ ಕಣ್ಣಿಗೆ ಕಟ್ಟಿ ಕೊಟ್ರೇಶನಿಗೆ ಅನ್ನ ಸೇರುತ್ತಿರಲಿಲ್ಲ. ಅಲೆದು ಅಲೆದು ಕಡೆಗೂ ಇಂಜಿನಿಯರ್ ಶಂಭುಲಿಂಗ ಸಾಹೇಬರನ್ನು ಮನೆ ನೋಡಲು ಒಪ್ಪಿಸಿದ. ಆ ಕೋಣೆಯ ಗೋಡೆಯ ಮೇಲೆ ಮೊಣಕಾಲು ಮೀರಿ ನೀರು ನಿಂತ ಕೆಂಪು ಕಲೆಯಿತ್ತು. ಅವನಿಗಿದ್ದ ಸಾಕ್ಷಿ ಅದೊಂದೇ.

ಸಾಹೇಬರನ್ನು ಒಳಗೆ ಕರೆತಂದರೆ, ಗೋಡೆ ಬೆಳ್ಳಗೆ ಮಿರುಗುತ್ತಿತ್ತು!

"ಏನ್ ಮಾಡೀಯಲೇ ಇದು?"

"ಸಾಹೇಬ್ರು ಬರ್ತಾರಂದ್ರಿ. ಅವರಿಗೆ ಹೊಲಸ ಗ್ವಾಡಿ ತೋರಸ್ಲೇನು? ಸುಣ್ಣ ಹಚ್ಚೇನಿ," ಎಂದಳು ಹೆಂಡತಿ ಗುತ್ತೆವ್ವ, ಮೂಗಿನ ಮೇಲಿನ ಸುಣ್ಣ ಒರೆಸಿಕೊಳ್ಳುತ್ತ.

ಕೊಟ್ರೇಶ ಹಣೆ ಹಣೆ ಬಡಿದುಕೊಂಡ. ಇಂಥವಳನ್ನು ಕಟ್ಟಿಕೊಂಡು ಸರ್ಕಾರದ ಜೊತೆ ಜಗಳಾಡುವುದು ಹೇಗೆ?

"ಇದರಾಗ ನಾ ಏನ್ ನೋಡ್ಲಿ ಯಜಮಾನ್ರ?" ಎಂದರು ಸಾಹೇಬರು. "ಹೊಳಿನೂ ದೂರ ಐತಿ. ನೆರಿ ಭಯ ಇಲ್ಲಂತ ಬರೀಬೇಕಾಕ್ಕೈತಿ."

ಬರೆಯಲು ಕೂರೋಣವೆಂದು ಮಂಚದತ್ತ ತಿರುಗಿದರೆ ಅದು ಅವರ ಸೊಂಟ ಮೀರಿತ್ತು.

"ಇದೇನವ್ವಾ, ಮಂಚ ಇಷ್ಟು ಎತ್ತರ?"

"ಕಾಲಿಗೆ ಇಟ್ಟಂಗಿ ಕೊಟ್ಟೇನ್ರಿ. ಹ್ವಾದ ವರ್ಷ ಹಾಸಿಗಿ ತೊಯ್ದಿತ್ತು. ಈ ಸಲ ಮಗಳು ಬಾಣಂತನಕ್ಕ ಬರ್ತಾಳ, ಅದಕ್ಕ ಇನ್ನೂ ಏರಿಸೇನಿ. ತೊಟ್ಟಿಲ ಹಗ್ಗಾನೂ ಗಿಡ್ಡ ಮಾಡೇನಿ ನೋಡ್ರಿ." ಸುಣ್ಣದ ಬಗ್ಗೆ ಹೇಳಿದಷ್ಟೇ ಹೆಮ್ಮೆಯಿಂದ ಹೇಳಿದಳು.

ಸಾಹೇಬರು ತಲೆಯೆತ್ತಿ ನೋಡಿದರು. ತೊಟ್ಟಿಲು ತೊಲೆಗೆ ಅಂಟಿಕೊಂಡಂತೆ ತೂಗುತ್ತಿತ್ತು. ಟೇಪು ಹಿಡಿದು ಮಂಚದ ಕೆಳಗಿನ ಇಟ್ಟಂಗಿಗಳನ್ನು ಅಳೆದು ಬರೆದುಕೊಂಡರು.

"ನಿಮ್ಮ ಮನಿ ಪಟ್ಟಿಗೆ ಸೇರಸ್ತೇನ್ರಿ. ಮೋರಿ ದೊಡ್ಡದು ಮಾಡಾಕ ವರದಿ ಕಳಸ್ತೇನಿ."

"ಯಾವಾಗ ಆಕ್ಕೈತ್ರಿ?"

"ಮಂಜೂರಾಗಬೇಕಲ್ರಿ. ಮುಂದಿನ ಬ್ಯಾಸಗಿಗೆ ಆಗಬಹುದು."

"ಅಲ್ಲೀತನ ಹೊಟ್ಯಾಗ ಇರು ಅಂತ ಕೂಸಿಗೆ ಹೇಳ್ಲೇನ್ರಿ?" ಎಂದ ಕೊಟ್ರೇಶ.

ಕೊಟ್ರೇಶ ದಡದಡನೆ ಹಿತ್ತಲಿಗೆ ಹೋಗಿ ತೋಳ ತುಂಬ ಇಟ್ಟಂಗಿ ತಂದು ನೆಲಕ್ಕೆ ಸುರಿದ.

"ಆ ಕಡಿ ಹಿಡೀರಿ ಸಾಹೇಬ್ರ."

ಸಾಹೇಬರು ಟೇಪು ಕಿಸೆಗಿಟ್ಟು, ಗೋಡೆಗೆ ಒತ್ತಿಕೊಂಡು ನಿಂತು ಮಂಚ ಎತ್ತಿದರು. ಅವರ ಅಂಗಿಗೆಲ್ಲ ಹಸಿ ಸುಣ್ಣ ಮೆತ್ತಿತು. ಗುತ್ತೆವ್ವ ಬಗ್ಗಿ ಒಂದೊಂದೇ ಕಾಲಿಗೆ ಇಟ್ಟಂಗಿ ಕೊಟ್ಟಳು.