ಕೂರಿಸಿ ಒಯ್ಯುವ ಗಾಡಿ

ಅಣ್ಣನ ಗಾಡಿಯನ್ನು ಆನ್‌ಲೈನ್ ಹರಾಜಿಗೆ ಹಾಕಲು ಮೊಬೈಲ್ ಹಿಡಿದು ಕೂತಾಗ ಮೊದಲು ಎದುರಾದ ಪ್ರಶ್ನೆ, ವಾಹನ ಯಾವ ಬಗೆಯದು ಎಂಬುದು. ಕಾರು, ಲಾರಿ, ಬಸ್ಸು, ಟ್ರ್ಯಾಕ್ಟರ್ ಎಂದು ಪಟ್ಟಿ ಇತ್ತು. ಕಟ್ಟಕಡೆಗೆ ‘ವಿಶೇಷ ವಾಹನ’ ಎಂದಿತ್ತು. ಅದನ್ನು ಒತ್ತಿದೆ. ಕೆಳಗೆ ವಿವರಣೆಗೆ ಖಾಲಿ ಜಾಗ ಬಿಟ್ಟಿದ್ದರು.

ನಾನು ಮೈಸೂರಿನ ಒಂದು ಪತ್ರಿಕೆಗೆ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸುದ್ದಿಯನ್ನು ಬಹಳ ವರ್ಷ ಬರೆದವನು. ಹೀಗೆ ಬರೆದೆ: ಗೂಡ್ಸ್ ಟೆಂಪೊ, ಶವಯಾತ್ರೆಗಾಗಿ ಮಾರ್ಪಡಿಸಿದ್ದು. ಮೂರು ಕಡೆ ಗಾಜು. ಶವವನ್ನು ಕೂರಿಸಲು ಕಬ್ಬಿಣದ ಕುರ್ಚಿ ಒಂದು, ನೆಲಕ್ಕೆ ಬೋಲ್ಟ್ ಹಾಕಿದ್ದು. ಎಂಜಿನ್ ಚೆನ್ನಾಗಿದೆ.

ಅಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ.

“ಶವ ಅಂತ ಹಾಕ್ದೆ ಇದ್ರೆ ಆಗಲ್ವೇನೋ? ಓದ್ದೋರು ಓಡೋಯ್ತಾರೆ.”

“ಇರೋದನ್ನ ಬರೀಬೇಕು.”

“ಪೇಪರ್ನೋನು ನೀನು, ಬರ್ಕೊ. ದೂರದೋರು ತಗೊಂಡೋಗ್ಲಿ, ಅಷ್ಟೆ. ಈ ಜಿಲ್ಲೇಲೇ ಇರ್ಬಾರ್ದು ಅದು. ನನ್ ಕಣ್ಣಿಗೆ ಇನ್ನೊಂದ್ಸಲ ಬೀಳ್ಬಾರ್ದು.”

ಹರಾಜಿನ ಮೊರೆ ಹೋದದ್ದೇ ಇದಕ್ಕಾಗಿ. ನಂಜನಗೂಡಿನಲ್ಲೇ ಕೇಳುವವರು ಇಬ್ಬರಿದ್ದರು. ಅವರಿಗೆ ಕೊಟ್ಟಿದ್ದರೆ ಗಾಡಿ ಅದೇ ರಸ್ತೆಗಳಲ್ಲಿ, ಅದೇ ಕೆಲಸಕ್ಕೆ, ಅವನ ಎದುರೇ ಓಡಾಡುತ್ತಿತ್ತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹೂವು ಕಟ್ಟಿ, ಕೂರಿಸಿ ಒಯ್ದು, ಅವರವರ ಹೊಲದಲ್ಲಿ ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ನಂಜನಗೂಡಿಗೆ ಬಂದು ನೆಲೆಸಿದವರ ಹೊಲಗಳೆಲ್ಲ ದೂರದ ಹಳ್ಳಿಗಳಲ್ಲಿವೆ. ಹೆಗಲ ಮೇಲೆ ಅಷ್ಟು ದೂರ ಹೊರಲಾಗದೆ ಜನ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ದೇವನೂರಿನ ಕಡೆಗೆ ಹೋಗುವಾಗ ಒಮ್ಮೆ ಟ್ರಾಲಿಯಲ್ಲಿದ್ದ ಹಿರಿಯರೊಬ್ಬರ ದೇಹ ಗುಂಡಿಯೊಂದರಲ್ಲಿ ಪಕ್ಕಕ್ಕೆ ಉರುಳಿದ್ದನ್ನು ಅಣ್ಣ ಕಂಡ. ಗೂಡ್ಸ್ ಟೆಂಪೊ ಓಡಿಸುತ್ತಿದ್ದ ಅವನು ಅದನ್ನೇ ಮಾರ್ಪಡಿಸಿ, ಚಾಲಕನ ಬೆನ್ನ ಹಿಂದೆ, ಮುಂದಕ್ಕೆ ಮುಖ ಮಾಡಿದ ಕುರ್ಚಿ ಕೂರಿಸಿದ. ಎದೆಗೊಂದು, ಗದ್ದಕ್ಕೊಂದು ಬಿಳಿ ಪಟ್ಟಿ. ತಲೆ ವಾಲಿತೇ, ಪಟ್ಟಿ ಸಡಿಲವಾಯಿತೇ ಎಂದು ನೋಡಿಕೊಳ್ಳಲು ತನ್ನ ತಲೆಯ ಮೇಲೆ ದೊಡ್ಡ ಕನ್ನಡಿ ಹಾಕಿಸಿದ. ಹೀಗೆ ಹದಿನಾಲ್ಕು ವರ್ಷ ಅವನು ಸತ್ತವರ ಮುಖ ನೋಡುತ್ತಾ ಗಾಡಿ ಓಡಿಸಿದ. ಅವನಿಗೆ ಅದರಿಂದ ಏನೂ ಆಗಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಉಂಡು ಮಲಗುತ್ತಿದ್ದ.

ಅತ್ತಿಗೆ ತೀರಿಕೊಂಡಾಗ ಬೇರೆ ಚಾಲಕರು ಬಂದು ನಿಂತರು. ಅಣ್ಣ ಕೀಲಿ ಕೊಡಲಿಲ್ಲ. “ಹಂಪ್ ಮೇಲೆ ಎತ್ತಾಕ್ತೀರಿ ನೀವು,” ಎಂದ. ನಮ್ಮ ಹೊಲ ತಿ. ನರಸೀಪುರದ ದಾರಿಯಲ್ಲಿ, ಬಿಳಿಗೆರೆಗೆ ಸ್ವಲ್ಪ ಮುಂಚೆ, ಮುಖ್ಯರಸ್ತೆಯಿಂದ ಎಡಕ್ಕೆ. ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಆ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಕನ್ನಡಿ ನೋಡುತ್ತಾ ಅವನು ಕೇಳಿದ: “ಸರ್ಯಾಗ್ ಕೂತಿದ್ದೀಯಾ?”

ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೇವೋ ಅಷ್ಟು ಹೊತ್ತು ಕಾದ. ಆಮೇಲೆ ಗೇರ್ ಹಾಕಿದ.

ಅದಾದ ಮೇಲೆ ಅವನು ಆ ಗಾಡಿ ಮುಟ್ಟಲಿಲ್ಲ. ತನ್ನ ಸ್ಕೂಟರಿನ ಎರಡೂ ಕನ್ನಡಿ ಬಿಚ್ಚಿಟ್ಟ. ಕಟಿಂಗ್ ಅಂಗಡಿಯಲ್ಲಿ ಕನ್ನಡಿಗೆ ಬೆನ್ನು ಹಾಕಿ ಕೂರುತ್ತಿದ್ದ. “ಸಾ, ಮದ್ವೆ ಗಂಡು ನಾಚ್ಕೊಂಡಂಗಾಯ್ತು, ಈ ಕಡೆ ತಿರುಗಿ,” ಎಂದು ಅಂಗಡಿಯವನು ರೇಗಿಸಿದ್ದಕ್ಕೆ ಅರ್ಧ ಗಡ್ಡದಲ್ಲೇ ಎದ್ದು ಬಂದಿದ್ದ. ನನಗೆ ಒಂದೇ ಸಲ ಹೇಳಿದ, “ಯಾವ್ ಕನ್ನಡಿ ನೋಡುದ್ರೂ ಬೆನ್ನಿಂದೆ ಕೂತವ್ಳೆ ಕಣೋ. ಮಾತಾಡಲ್ಲ. ದಾರಿ ನೋಡ್ತಾ ಕೂತವ್ಳೆ.” ಗಾಡಿ ಮನೆಯ ಮುಂದೆ ಹೊಂಗೆ ಮರದಡಿ ನಿಂತಿತ್ತು. ಎಂಟು ತಿಂಗಳು ಅವನು ಮುಂಬಾಗಿಲು ತೆಗೆಯದೆ ಹಿತ್ತಿಲ ಬಾಗಿಲಿನಿಂದಲೇ ಓಡಾಡಿದ. ಅವನ ಬದುಕು ಸರಿಹೋಗಬೇಕಾದರೆ ಗಾಡಿ ಹೋಗಬೇಕು, ದೂರ ಹೋಗಬೇಕು. ಇದರಲ್ಲಿ ನನಗೆ ಅನುಮಾನವಿರಲಿಲ್ಲ.

ಹರಾಜು ಕಂಪನಿಯಿಂದ ಗಾಡಿ ಪರೀಕ್ಷಿಸಲು ಮೈಸೂರಿನಿಂದ ಒಬ್ಬರು ಬಂದರು. ನನ್ನ ವಿವರಣೆಯನ್ನು ಅವರು ಓದಿರಲಿಲ್ಲ. ಟೈರು ಒದ್ದು, ಎಂಜಿನ್ ಫೋಟೊ ತೆಗೆದು, ಹಿಂದೆ ಹತ್ತಿ ಕುರ್ಚಿಯಲ್ಲಿ ಕೂತು ಅಲ್ಲಾಡಿಸಿ ನೋಡಿದರು.

“ಸೀಟ್ ಸಖತ್ತಾಗಿದೆ ಸಾರ್. ವಿಐಪಿ ಮೆರವಣಿಗೆ ಗಾಡೀನಾ?”

ಮನೆಯೊಳಗಿಂದ ಅಣ್ಣನ ದನಿ ಬಂತು: “ಇಳಿಯಪ್ಪಾ ಮೊದ್ಲು.”

ನಾನು ವಿಷಯ ಹೇಳಿದೆ. ಅವರು ಇಳಿದು ನೇರ ನಲ್ಲಿಯ ಬಳಿಗೆ ಹೋಗಿ ಕೈಕಾಲು ಮುಖ ತೊಳೆದರು. ಹೋಗುವ ಮುಂಚೆ ತಮ್ಮ ಫಾರಂ ತೋರಿಸಿದರು. ‘ಹೆಚ್ಚುವರಿ ಆಸನ: ಒಂದು, ಸುಸ್ಥಿತಿ’ ಎಂದಿತ್ತು.

ಹರಾಜು ನಡೆದದ್ದು ಒಂದು ಬುಧವಾರ ಬೆಳಿಗ್ಗೆ, ಎರಡು ಗಂಟೆ ಕಾಲ. ಬಿಡ್ ಕೂಗುವವರ ಹೆಸರು ಕಾಣುವುದಿಲ್ಲ, ನಂಬರ್ ಮಾತ್ರ. ಮೂವರಿದ್ದರು. ಇಬ್ಬರು ಬೇಗ ಕೈಬಿಟ್ಟರು. ಮಧ್ಯಾಹ್ನ ಕಂಪನಿಯಿಂದ ಒಬ್ಬ ಹೆಂಗಸು ಫೋನ್ ಮಾಡಿ, ಸಂಜೆ ಐದರೊಳಗೆ ಒಪ್ಪಬೇಕು, ಇಲ್ಲವಾದರೆ ಮತ್ತೆ ಮೊದಲಿನಿಂದ ಎಂದರು. ಕೊಳ್ಳುವವರು ಯಾವ ಕಡೆಯವರು ಎಂದು ಕೇಳಿದೆ. ಒಪ್ಪಿದ ಮೇಲಷ್ಟೇ ವಿಳಾಸ ಬರುತ್ತದೆ ಸರ್ ಎಂದರು. ಅಣ್ಣ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ. ನಾನು ಒಪ್ಪಿಗೆ ಒತ್ತಿದೆ.

ವಿಳಾಸ ಬಂತು. ತಿ. ನರಸೀಪುರ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

“ಎಲ್ಲಿಗೋ?” ಅಣ್ಣ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ.

“ಬೀದರ್ ಕಡೆ.”

ಬರೀ ದೂರ ಎಂದರೆ ಅವನು ಇನ್ನಷ್ಟು ಕೇಳುತ್ತಿದ್ದ. ಸುದ್ದಿಯಲ್ಲಿ ಊರಿನ ಹೆಸರಿದ್ದರೆ ಜನ ನಂಬುತ್ತಾರೆ ಎಂಬುದು ನನ್ನ ವೃತ್ತಿ ಕಲಿಸಿದ್ದು. ಅವನು ನಂಬಿದ. “ಬೀದರ್ರು,” ಎಂದು ತನಗೆ ತಾನೇ ಒಮ್ಮೆ ಹೇಳಿಕೊಂಡ. ಆ ಕ್ಷಣ ಅವನ ಭುಜ ಇಳಿದದ್ದನ್ನು ನಾನು ನೋಡಿದೆ. ಆ ಮಾತನ್ನು ತಿದ್ದಿಕೊಳ್ಳಲು ಸಂಜೆಯವರೆಗೆ ಸಮಯವಿತ್ತು. ಮರುದಿನವೂ ಇತ್ತು. ಹೇಳಲಿಲ್ಲ.

ಮೈಸೂರಿನಲ್ಲಿ ಒಪ್ಪಿಸಿ ಬರುತ್ತೇನೆಂದು ಹೇಳಿ ಗಾಡಿಯನ್ನು ನಾನೇ ತಿ. ನರಸೀಪುರಕ್ಕೆ ಓಡಿಸಿಕೊಂಡು ಹೋದೆ. ಹಗಲು ಹತ್ತು ಗಂಟೆ, ಒಳ್ಳೆಯ ಬಿಸಿಲು. ಕನ್ನಡಿಯಲ್ಲಿ ಖಾಲಿ ಕುರ್ಚಿ, ಅದರ ಹಿಂದೆ ರಸ್ತೆ, ಬೇರೇನಿಲ್ಲ. ಆದರೆ ಎದುರು ಬಂದ ಬೈಕಿನವರು ಪಕ್ಕಕ್ಕೆ ನಿಂತರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೇರ ಮಾಡಿ ಎದ್ದು ನಿಂತರು. ಒಬ್ಬ ಮುದುಕ ತಲೆಯ ಟವೆಲು ತೆಗೆದು ಕೈ ಮುಗಿದ. ನಮ್ಮ ಹೊಲದ ತಿರುವು ಬಂದಾಗ ನನ್ನ ಕಾಲು ಬ್ರೇಕಿನ ಮೇಲಿತ್ತು. ಅಲ್ಲಿ ಹಂಪೂ ಇಲ್ಲ, ಗುಂಡಿಯೂ ಇಲ್ಲ.

ಬಿಳಿಗೆರೆಯಲ್ಲಿ ಟೀ ಕುಡಿಯಲು ಇಳಿದೆ. ಅಂಗಡಿಯ ಬೆಂಚಿನಲ್ಲಿದ್ದವನೊಬ್ಬ ಕೇಳಿದ: “ಯಾರ್ ಸಾ ತೀರ್ಕೊಂಡೋರು?”

“ಯಾರೂ ಇಲ್ಲ. ಖಾಲಿ ಗಾಡಿ.”

ಅವನು ಕುತ್ತಿಗೆ ಉದ್ದ ಮಾಡಿ ಗಾಜಿನೊಳಗೆ ನೋಡಿದ. “ಖಾಲಿ ಅಂತೀರಿ, ಪಟ್ಟಿ ಕಟ್ಟಿದ್ದೀರಲ್ಲ ಸಾ.”

ಎದ್ದು ಹೋಗಿ ನೋಡಿದೆ. ಎದೆಯ ಪಟ್ಟಿ ಕುರ್ಚಿಯ ಸುತ್ತ ಬಂದು ಗಂಟು ಬಿದ್ದಿತ್ತು. ಅಲುಗಾಡದಿರಲೆಂದು ನಾನೇ ಹೊರಡುವ ಮುಂಚೆ ಕಟ್ಟಿರಬಹುದು. ಕಟ್ಟಿದ ನೆನಪಿಲ್ಲ. ಬಿಚ್ಚದೆ ಹಾಗೆಯೇ ಹೊರಟೆ.

ಕೊಂಡವನು ತಿ. ನರಸೀಪುರದಲ್ಲಿ ಶಾಮಿಯಾನ ಅಂಗಡಿ ಇಟ್ಟವನು, ನಗುಮುಖದವನು. “ಮದ್ವೆ ಚಪ್ರಾನೂ ನಂದೇ, ತಿಥಿ ಪಾತ್ರೇನೂ ನಂದೇ. ಮಧ್ಯ ಇದೊಂದು ಬಾಕಿ ಇತ್ತು ಸಾ,” ಎಂದ. ಬಣ್ಣ ಬದಲಿಸಿ, ನಂಜನಗೂಡಿನ ಕಡೆ ಮಾತ್ರ ಕಳಿಸಬೇಡಿ ಎಂದು ಕೇಳಿಕೊಂಡೆ.

“ಬಣ್ಣ ಒಡಿಸ್ತೀನಿ ಬಿಡಿ. ಆ ಕಡಿಂದ ಬಾಡ್ಗೆ ಬಂದ್ರೆ ಬ್ಯಾಡ ಅನ್ನಕ್ಕಾಯ್ತದಾ? ಯಾಕ್ ಸಾ, ಗಾಡೀಲಿ ಏನಾರ ಐತಾ?”

“ಏನಿಲ್ಲ,” ಎಂದೆ.

ನಾನು ಬಸ್ಸಿನಲ್ಲಿ ವಾಪಸು ಬಂದಾಗ ಅಣ್ಣನ ಮುಂಬಾಗಿಲು ತೆರೆದಿತ್ತು. ಮುಂದಿನ ವಾರಗಳಲ್ಲಿ ಅವನು ಜಗುಲಿಯ ಮೇಲೆ ಕೂತು ಪೇಪರ್ ಓದಲು ಶುರು ಮಾಡಿದ. ಹೊಳೆಗೆ ಹೋಗಿ ಮಿಂದು ಬಂದ. ಕಟಿಂಗ್ ಅಂಗಡಿಯಲ್ಲಿ ಮುಂದಕ್ಕೆ ತಿರುಗಿ ಕೂತ. ಬೀದರಿನಲ್ಲಿ ಮಳೆಯಂತೆ ಎಂದು ಪೇಪರಿನಲ್ಲಿ ಓದಿ, “ಗಾಜಿನ ರಬ್ಬರ್ ಅಳೇದು ಕಣೋ, ನೀರ್ ಇಳೀತದೆ, ಹೇಳ್ಬೇಕಿತ್ತು ಅವ್ರಿಗೆ,” ಎಂದ. ಹೇಳಿದ್ದೇನೆ ಎಂದೆ. ಅದು ಮೂರನೆಯ ಸುಳ್ಳು.

ಐದು ತಿಂಗಳಾದ ಮೇಲೆ ಅತ್ತಿಗೆಯ ಅಕ್ಕ ತೀರಿಕೊಂಡ ಸುದ್ದಿ ಬಂತು. ಅವರ ಊರು ತಿ. ನರಸೀಪುರ ತಾಲ್ಲೂಕಿನಲ್ಲೇ, ಸೋಮನಾಥಪುರದ ಪಕ್ಕದ ಹಳ್ಳಿ. ಸುದ್ದಿ ಕೇಳಿದೊಡನೆ ನನಗೆ ಹೊಳೆದದ್ದು ಸತ್ತವರ ಮುಖವಲ್ಲ, ಆ ಕಡೆ ಅಂಥ ಗಾಡಿ ಇನ್ನೊಂದಿಲ್ಲ ಎಂಬುದು.

“ನಾನೋಗ್ಬತ್ತೀನಿ. ನೀನು ಮನೇಲಿರು,” ಎಂದೆ.

“ಅವಳ ಅಕ್ಕ ಕಣೋ. ಓಗ್ದೆ ಇರಕ್ಕಾಯ್ತದಾ?”

ದಾರಿಯುದ್ದಕ್ಕೂ, ಎರಡು ಬಸ್ಸು ಬದಲಿಸುವವರೆಗೂ, ಹೇಳಿಬಿಡಬೇಕು ಎಂದುಕೊಂಡೆ. ಹೇಳದೆ ಇಳಿದೆ.

ಸಾವಿನ ಮನೆ ಮುಂದೆ ಗಾಡಿ ಆಗಲೇ ನಿಂತಿತ್ತು. ಬಣ್ಣ ಬದಲಾಗಿರಲಿಲ್ಲ. ಅವರನ್ನು ಕೂರಿಸಿ ಆಗಿತ್ತು. ಅಕ್ಕತಂಗಿಯರ ಮುಖ ಒಂದೇ ಅಚ್ಚು. ಬದುಕಿದ್ದಾಗ ದನಿಯಿಂದ ಬೇರೆ ಬೇರೆ ಗುರುತಾಗುತ್ತಿತ್ತು. ಈಗ ದನಿ ಇರಲಿಲ್ಲ. ಅದೇ ಮೂಗು, ಅದೇ ಗದ್ದ, ಹಣೆಯ ಮೇಲೆ ಅಗಲವಾದ ವಿಭೂತಿ.

ಅಣ್ಣ ಬೀದಿಯ ಮಧ್ಯೆ ನಿಂತ. ಗಾಡಿಯ ನಂಬರ್ ಪ್ಲೇಟ್ ಓದಿದ. ಮೇಲೆ ಗಾಜಿನ ಕಡೆ ನೋಡಿದ. ನನ್ನ ಕಡೆ ತಿರುಗಲಿಲ್ಲ.

ಚಾಲಕ ಹೊಸಬ. ಗದ್ದದ ಪಟ್ಟಿಯನ್ನು ಕೆಳಗೆ ಕಟ್ಟಿದ್ದ, ತಲೆ ಒಂದಿಷ್ಟು ಎಡಕ್ಕೆ ವಾಲಿತ್ತು. ಅಣ್ಣ ಚಪ್ಪಲಿ ಬಿಟ್ಟು ಹಿಂದಿನಿಂದ ಹತ್ತಿದ. ಪಟ್ಟಿ ಬಿಚ್ಚಿ, ಎರಡು ಕೈಯಲ್ಲಿ ಆ ಮುಖವನ್ನು ಹಿಡಿದು ನೇರ ಮಾಡಿ, ಮತ್ತೆ ಕಟ್ಟಿದ. ಬಹಳ ಹೊತ್ತು ಹಿಡಿದಿದ್ದ. ಯಾರೋ ಹೆಂಗಸು, “ಬಿಡಪ್ಪ, ಸಾಕು,” ಎಂದಳು. ಇಳಿದು ಬಂದು ಚಾಲಕನಿಗೆ ಹೇಳಿದ: “ಒಂದ್ನೇ ಗೇರಲ್ಲೇ ಓಗು. ಅರ್ಜೆಂಟ್ ಮಾಡ್ಬ್ಯಾಡ.”

“ಗೊತ್ತು ಬುಡಿ ಸಾ, ನಾನೂ ಡ್ರೈವರ್ರೇ.”

“ನಿಂಗ್ ಗೊತ್ತಿಲ್ಲ ಕಣ್ಲಾ.”

ಹೊಲದವರೆಗೆ ಅವನು ಗಾಜಿನ ಮೇಲೆ ಅಂಗೈ ಇಟ್ಟು ಗಾಡಿಯ ಪಕ್ಕದಲ್ಲೇ ನಡೆದ. ನಾನು ಜನರ ಹಿಂದೆ ನಡೆದೆ. ಮಣ್ಣು ಹಾಕಿ ಹೊರಟಾಗ ನನ್ನ ಜೊತೆಗೇ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು, ಗಾಜಿನಲ್ಲಿ ತನ್ನ ಮುಖ ಮೂಡದಂತೆ ಅದನ್ನು ಪೂರ್ತಿ ಸರಿಸಿ ತೆರೆದಿಟ್ಟ. ಮನೆ ತಲುಪಿದಾಗ ಬೀದಿಯಿಂದ ಸುತ್ತಿ ಹಿತ್ತಿಲ ಕಡೆಗೆ ಹೋದ.

ಮಾತು ಬಿಟ್ಟಿಲ್ಲ. ದಿನಾ ಹೋಗುತ್ತೇನೆ, ಕಾಫಿ ಕೊಡುತ್ತಾನೆ. ಬಸ್ಸು ಹತ್ತು ಗಂಟೆಗೆ ಎಂದು ನಾನು ಹೇಳಿದರೆ ಪಕ್ಕದ ಮನೆಗೆ ಹೋಗಿ ಇನ್ನೊಮ್ಮೆ ಕೇಳಿಕೊಂಡು ಬರುತ್ತಾನೆ. ಕಳೆದ ತಿಂಗಳು ಅವನ ಕಣ್ಣಿನ ಪರೀಕ್ಷೆಯ ರಿಪೋರ್ಟ್ ಬಂತು, ಇಂಗ್ಲಿಷಿನಲ್ಲಿ. ಓದಿ, ಏನೂ ತೊಂದರೆಯಿಲ್ಲವಂತೆ ಎಂದೆ. ನಿಜವಾಗಿಯೂ ಹಾಗೆಯೇ ಇತ್ತು. ಅವನು ತಲೆಯಾಡಿಸಿ, ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ, ಔಷಧಿ ಅಂಗಡಿಯವನ ಬಳಿ ಓದಿಸಿಕೊಳ್ಳಲು ಹೊರಟ. ನಾನು ರಸ್ತೆಯ ಈಚೆ ನಿಂತಿದ್ದೆ. ಅಂಗಡಿಯವನು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದ, ಅಣ್ಣ ಕಿವಿಗೊಟ್ಟು ಕೇಳುತ್ತಿದ್ದ.