ಖಾಲಾ ಮನೆಯ ಒಲೆ

ಔರಾದಿನ ಕಡೆಯಿಂದ ಬರುವ ಗಾಡಿಗಳಲ್ಲಿ ಕುಡುಗೋಲುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಜೋಳದ ಸುಗ್ಗಿಗೆ ಆಳುಗಳು ಬಂದರು ಎಂದು ಅರ್ಥ. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದುತ್ತಿದ್ದ ಹುಡುಗಿ ನಾನು; ನನಗೆ ದೆವ್ವ, ಗಾಳಿ ಎಲ್ಲ ನಾನ್‌ಸೆನ್ಸ್. ಇವತ್ತೂ ಹೆಚ್ಚುಕಡಿಮೆ ಹಾಗೇ ಅನ್ನುತ್ತೇನೆ. ಆದರೆ ಆ ಒಂದು ಮಧ್ಯಾಹ್ನವನ್ನು ನೀವೇ ಎಕ್ಸ್‌ಪ್ಲೇನ್ ಮಾಡಿ, ನೋಡೋಣ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲಿನ ಮೊದಲ ಸುಗ್ಗಿ ಅದು. ನಾನು ರಜೆಗೆ ಬಂದಿದ್ದೆ. ಭಾಲ್ಕಿ ಹತ್ತಿರದ ನಮ್ಮೂರಲ್ಲಿ ಆಳುಗಳ ಗುಡಿಸಲುಗಳು ಆ ಗದ್ದಲದಲ್ಲಿ ಸುಟ್ಟುಹೋಗಿದ್ದವು. ಅಪ್ಪ ಮಾತ್ರ ಔರಾದಿಗೆ ಹೋಗಿ, ಎಂದಿನಂತೆ ಎಲೆ-ಅಡಿಕೆ ಕೊಟ್ಟು, ಸೂರಿನ ಮಾತನ್ನೂ ಕೊಟ್ಟು ಬಂದಿದ್ದರು. ಆಳುಗಳ ಮುಂದಾಳು ಗಂಗವ್ವ ಗಾಡಿಯಿಂದ ಇಳಿಯಲೇ ಇಲ್ಲ.

“ಪಾಟೀಲರ, ಸೂರೆಲ್ಲಿ ಅದರಿ? ಕೂಸುಗೋಳು ಆಕಾಶ ಹೊಚ್ಕೊಂಡು ಮಲಗಬೇಕೇನು? ಈಗೇ ಹೇಳ್ರಿ, ಇಲ್ಲಂದ್ರ ಬ್ಯಾರೆ ಊರಿಗಿ ಹೋಗ್ತೇವಿ.”

ಅವರು ಹೋದರೆ ಮಾಗಿದ ಜೋಳ ಹೊಲದಲ್ಲೇ ಉದುರಿಹೋಗುತ್ತಿತ್ತು. ಅಪ್ಪ ಪಕ್ಕದ ಮನೆ ತೋರಿಸಿದರು. ಅದು ನಾವು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮುಸ್ಲಿಂ ಹೆಂಗಸಿನದು. ಖಾಲಾ ಅದೇ ಗದ್ದಲದಲ್ಲಿ ಕೀಲಿಕೈಯನ್ನು ಅಮ್ಮನ ಕೈಗಿಟ್ಟು ಊರು ಬಿಟ್ಟವರು. ಆಮೇಲೆ ಸುದ್ದಿಯೇ ಇಲ್ಲ. ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲನ್ನು ನಾನೇ ತೆರೆದೆ. ನೆಲದ ಧೂಳಿನ ಮೇಲೆ ಇಲಿಯ ಹೆಜ್ಜೆಯೂ ಇರಲಿಲ್ಲ.

ಸುಗ್ಗಿಯ ಆಳುಗಳಲ್ಲಿ ಒಂದು ಕಟ್ಟಳೆ ಇತ್ತು. ಒಲೆ ಹೂಡಿದವರದೇ ಆ ಜಾಗ; ಒಲೆ ಬಿಸಿಯಿದ್ದರೆ ಮತ್ತೊಬ್ಬರು ಅಲ್ಲಿ ಗಂಟು ಇಳಿಸುವಂತಿಲ್ಲ. ಗಂಗವ್ವ ಒಳಕೋಣೆಯ ಒಲೆಗೆ ಅಂಗೈ ಇಟ್ಟವಳು ಸರಕ್ಕನೆ ಹಿಂದೆ ಸರಿದಳು.

“ಇಲ್ಲಿ ಮಂದಿ ಅದಾರ.”

“ಇಂಪಾಸಿಬಲ್!” ಎಂದೆ.

“ಹಂಗಾರ ನೀವೇ ಮುಟ್ರಿ, ಇಂಗ್ರೇಜಿ ಬಾಯಿಸಾಹೇಬ್ರ.”

ಮುಟ್ಟಿದೆ. ಈಗಷ್ಟೇ ರೊಟ್ಟಿ ಬೇಯಿಸಿ ಹಂಚು ಇಳಿಸಿದ ಹಾಗೆ ಬಿಸಿ.

ಇನ್ನು ಗಾಡಿಗಳು ತಿರುಗಿದಂತೆಯೇ ಎಂದುಕೊಂಡೆ. ಗಂಗವ್ವ ಸೆರಗು ಸರಿಮಾಡಿಕೊಂಡು ಖಾಲಿ ಕೋಣೆಗೆ ಹೇಳಿದಳು: “ಅವ್ವಾ, ಸುಗ್ಗಿ ಮುಗಿಯೋತನ ಪಡಸಾಲ್ಯಾಗ ಇರ್ತೇವಿ. ನಿನ್ನ ಒಲಿ ಮುಟ್ಟಂಗಿಲ್ಲ.” ಸ್ವಲ್ಪ ಹೊತ್ತು ಕಾದಳು. ಏನು ಕೇಳಿಸಿತೋ, “ನಡೀರಿ, ಗಂಟು ಇಳಸ್ರಿ!” ಎಂದು ಹೊರಗಿದ್ದವರಿಗೆ ಕೂಗಿದಳು.

ನಮ್ಮ ಜೋಳ ಉಳಿಯಿತು. ಒಲೆ ಬಿಸಿಲಿಗೆ ಕಾದಿತ್ತು ಎನ್ನಲು ಆ ಕೋಣೆಗೆ ಕಿಟಕಿಯಿಲ್ಲ. ಯಾರೋ ಹೊಕ್ಕಿದ್ದರು ಎನ್ನಲು ಆ ಧೂಳು ಬಿಡುವುದಿಲ್ಲ. ನನಗೆ ಗೊತ್ತಿಲ್ಲ, ಫುಲ್‌ಸ್ಟಾಪ್.

ರಾಶಿ ಮುಗಿದ ದಿನವೇ ನಾನು ಗಂಗವ್ವನನ್ನು ಕಡೆಯ ಸಲ ನೋಡಿದ್ದು. “ಬರೋ ವರ್ಷ ನಾಕು ಗುಡಿಸಲಾ ಹಾಕಸ್ರಿ, ಪಾಟೀಲರ. ಇದ್ದವರ ಮನ್ಯಾಗ ಎಷ್ಟಂತ ಇರೋದು?” ಎಂದಳು. ಅಪ್ಪ ತಲೆಯಾಡಿಸಿದರು. ಗಾಡಿ ಹೊರಟಾಗ ಅವಳು ಕೈ ಮುಗಿದದ್ದು ನಮಗಲ್ಲ. ನಾನು ಆಗಷ್ಟೇ ಕೀಲಿ ಹಾಕಿದ್ದ ಆ ಬಾಗಿಲಿಗೆ.